ಒಂಟಿ ಕಾಲಿನ ಲೆಕ್ಕ

ನಿಮ್ಮ ತೂಕ 60 ಕೆಜಿ ಅಂದುಕೊಳ್ಳಿ. ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದೀರಿ. ಒಂದೊಂದು ಪಾದದ ಮೇಲೆ 30 ಕೆಜಿ ಭಾರ. ಈಗ ಎಡಗಾಲು ಎತ್ತಿ. ಬಲ ಪಾದದ ಮೇಲೆ 60 ಕೆಜಿ. ಇಲ್ಲಿವರೆಗೂ ಯಾರಿಗೂ ಡೌಟ್ ಇಲ್ಲ. ಪ್ರಶ್ನೆ ಇರೋದು ಮುಂದೆ: ಬಲಗಡೆಯ ಸೊಂಟದ ಕೀಲಿನ ಮೇಲೆ ಈಗ ಎಷ್ಟು ಭಾರ ಇದೆ?

ಇದನ್ನು ನಾವು ಕ್ಲಬ್ಬಿನ ಗೆಳೆಯರಿಗೆ ಕೇಳಿದಾಗ ಹೆಚ್ಚಿನವರು 60 ಅಂದ್ರು. ಸ್ವಲ್ಪ ಯೋಚನೆ ಮಾಡಿದವರು, ನಿಂತಿರುವ ಕಾಲಿನ ತೂಕ ಕೀಲಿನ ಕೆಳಗಿದೆ, ಅದನ್ನು ಕಳೆಯಬೇಕು, ಹಾಗಾಗಿ 50 ಅಂದ್ರು. ನಿಜವಾದ ಉತ್ತರ ಸುಮಾರು 150 ಕೆಜಿ. ನಿಮ್ಮ ತೂಕದ ಎರಡೂವರೆ ಪಟ್ಟು. ಕೈಯಲ್ಲಿ ಡಂಬೆಲ್ ಇಲ್ಲ, ಹೆಗಲ ಮೇಲೆ ಬಾರ್ಬೆಲ್ ಇಲ್ಲ, ಬರೀ ನಿಂತಿದ್ದಕ್ಕೇ ಇಷ್ಟು.

ಉಳಿದ 100 ಕೆಜಿ ಎಲ್ಲಿಂದ ಬಂತು ಅನ್ನೋದೇ ಈ ಲೇಖನ. ಅದು ಗೊತ್ತಾದರೆ ಜಿಮ್‌ನಲ್ಲಿ ಲಂಜ್, ಸ್ಪ್ಲಿಟ್ ಸ್ಕ್ವಾಟ್, ಸ್ಟೆಪ್-ಅಪ್ ಯಾಕೆ ಮಾಡಿಸ್ತಾರೆ, ಎರಡು ಕಾಲಿನ ಸ್ಕ್ವಾಟ್‌ನಲ್ಲಿ ಅದೆಲ್ಲಾ ಯಾಕೆ ಸಿಗಲ್ಲ ಅಂತ ಗೊತ್ತಾಗುತ್ತೆ. ಬೇಕಾಗಿರೋದು ಮೊದಲನೇ ವರ್ಷದ ಇಂಜಿನಿಯರಿಂಗ್ ಮೆಕ್ಯಾನಿಕ್ಸ್ ಮಾತ್ರ. ಪಾಸಾದ ಮೇಲೆ ಮರೆತುಬಿಟ್ಟಿದ್ದೀವಲ್ಲ, ಅದೇ ಸಬ್ಜೆಕ್ಟ್.

ಇನ್ನೊಂದು ಮಾತು. ಲೆಕ್ಕ ಸುಲಭವಾಗಲಿ ಅಂತ ಬಲವನ್ನು ಕೆಜಿಯಲ್ಲೇ ಹೇಳ್ತಿದ್ದೀವಿ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಹೋಗುತ್ತೆ, ಅಲ್ಲಿ 9.81ರಿಂದ ಗುಣಿಸಿ ನ್ಯೂಟನ್ ಮಾಡಿ.

ಯಾಕೆ ಒಂಟಿ ಕಾಲು?

ನಡೆಯುವುದನ್ನೇ ತಗೊಳ್ಳಿ. ನಡಿಗೆಯ ಒಂದು ಸುತ್ತಿನಲ್ಲಿ ಸುಮಾರು 80 ಭಾಗದ ಸಮಯ ನಾವು ಒಂದೇ ಕಾಲಿನ ಮೇಲೆ ಇರ್ತೀವಿ. ಎರಡೂ ಪಾದ ನೆಲ ಮುಟ್ಟಿರುವುದು ಉಳಿದ 20 ಭಾಗದಲ್ಲಿ ಮಾತ್ರ. ಓಡುವಾಗ ಅದೂ ಇಲ್ಲ. ಒಂದು ಪಾದ ನೆಲದಲ್ಲಿ, ಇಲ್ಲಾಂದ್ರೆ ಎರಡೂ ಗಾಳಿಯಲ್ಲಿ. ಮಾಮೂಲಿ ವೇಗದ ಓಟದಲ್ಲಿ ಆ ಒಂದು ಪಾದದ ಮೇಲೆ ನೆಲ ಒತ್ತುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು ಇರುತ್ತೆ.

ಈಗ ನಮ್ಮ ಗ್ರೌಂಡಿಗೆ ಬನ್ನಿ. ಕಬಡ್ಡಿಯಲ್ಲಿ ರೈಡರ್ ಕಾಲು ಚಾಚಿ ಟಚ್ ಮಾಡುವಾಗ ಪೂರ್ತಿ ದೇಹ ಹಿಂದಿನ ಕಾಲಿನ ಮೇಲಿರುತ್ತೆ. ಖೋಖೋದಲ್ಲಿ ಕಂಬ ಹಿಡಿದು ತಿರುಗುವುದು ಒಂದು ಕಾಲಿನ ಮೇಲೆ. ಬ್ಯಾಡ್ಮಿಂಟನ್‌ನಲ್ಲಿ ನೆಟ್ ಹತ್ತಿರದ ಶಟಲ್ ತೆಗೆಯುವುದೇ ಒಂದು ಲಂಜ್. ಫಾಸ್ಟ್ ಬೌಲರ್ ಚೆಂಡು ಬಿಡುವುದು ಮುಂಗಾಲಿನ ಮೇಲೆ. ಮಕ್ಕಳ ಕುಂಟೆಬಿಲ್ಲೆಯಂತೂ ಶುರುವಿನಿಂದ ಕೊನೆವರೆಗೂ ಒಂಟಿ ಕಾಲಿನ ಆಟ. ಆದರೆ ಅಭ್ಯಾಸದಲ್ಲಿ ನಾವು ಮಾಡುವುದು ಏನು? ಗರಡಿಮನೆ ಕಾಲದಿಂದ ಬಂದ ಬಸ್ಕಿ, ಅದರ ಮೇಲೆ ಬಾರ್ಬೆಲ್ ಇಟ್ಟ ಸ್ಕ್ವಾಟ್, ಲೆಗ್ ಪ್ರೆಸ್ ಮಷೀನ್. ಮೂರೂ ಎರಡು ಕಾಲಿನವು. ಆಟ ಒಂದು ಕಾಲಲ್ಲಿ, ತಯಾರಿ ಎರಡು ಕಾಲಲ್ಲಿ.

ಮೊದಲು ಎಫ್‌ಬಿಡಿ

ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ದುಂಡು ತಲೆ ಇದೆ. ಅದು ಪೆಲ್ವಿಸ್‌ನ ಗುಳಿಯೊಳಗೆ ಕೂರುತ್ತೆ. ಅದೇ ಸೊಂಟದ ಕೀಲು. ದೇಹದ ನಡುಗೆರೆಯಿಂದ ಈ ಕೀಲು ಸುಮಾರು 8.5 ಸೆಂ.ಮೀ. ಪಕ್ಕದಲ್ಲಿದೆ. ಎರಡೂ ಕಾಲಿನ ಮೇಲೆ ನಿಂತಾಗ ಮೇಲಿನ ಭಾರ ನಡುವಿನಲ್ಲಿದೆ, ಎರಡು ಕಡೆ ಎರಡು ಆಧಾರ. ಸಿಂಪ್ಲಿ ಸಪೋರ್ಟೆಡ್ ಬೀಮ್. ಪಕ್ಕಕ್ಕೆ ವಾಲುವ ಪ್ರಶ್ನೆಯೇ ಇಲ್ಲ.

ಎಡಗಾಲು ಎತ್ತಿದ ಕೂಡಲೇ ಒಂದು ಆಧಾರ ಹೋಯ್ತು. ಈಗ ಬಲ ಕೀಲಿನ ಮೇಲಿರುವ ದೇಹವನ್ನು ಮಾತ್ರ ಬೇರೆ ಮಾಡಿ ಫ್ರೀ ಬಾಡಿ ಡಯಾಗ್ರಾಂ ಬರೆಯೋಣ. ಒಂದು ಕಾಲು ದೇಹದ ತೂಕದ ಸುಮಾರು 16 ಭಾಗ, ಅಂದ್ರೆ 60ಕ್ಕೆ ಹತ್ತು ಕೆಜಿ. ನಿಂತಿರುವ ಬಲಗಾಲನ್ನು ಬಿಟ್ಟರೆ ಉಳಿದದ್ದು 50 ಕೆಜಿ. ಬಲಗಾಲು ಲೆಕ್ಕದಿಂದ ಹೋದ ಕಾರಣ ಈ 50 ಕೆಜಿಯ ಗುರುತ್ವ ಕೇಂದ್ರ ನಡುಗೆರೆಯಿಂದ ಒಂದೂವರೆ ಸೆಂ.ಮೀ. ಎಡಕ್ಕೆ ಸರಿಯುತ್ತೆ. ಹಾಗಾಗಿ ಬಲ ಕೀಲಿನಿಂದ ಅದರ ದೂರ 8.5 ಮತ್ತು 1.5 ಸೇರಿ 10 ಸೆಂ.ಮೀ.

ಕೀಲಿನ ಸುತ್ತ ಮೊಮೆಂಟ್ ತಗೊಳ್ಳಿ. 50 ಗುಣಿಸು 10, ಅಂದ್ರೆ 500 ಕೆಜಿ-ಸೆಂ.ಮೀ. ಇದು ಪೆಲ್ವಿಸ್ಸನ್ನು ಎಡಕ್ಕೆ ಬೀಳಿಸೋಕೆ ನೋಡ್ತಿದೆ. ಬೀಳದೆ ಹಿಡಿದಿರೋದು ಯಾರು? ಸೊಂಟದ ಹೊರ ಪಕ್ಕದಲ್ಲಿ, ಪ್ಯಾಂಟಿನ ಸೈಡ್ ಜೇಬಿನ ಸ್ವಲ್ಪ ಮೇಲೆ ಕೈ ಇಟ್ಟು ಒಂದು ಕಾಲು ಎತ್ತಿ ನೋಡಿ. ಒಂದು ಸ್ನಾಯು ಗಟ್ಟಿಯಾಗುವುದು ಕೈಗೆ ತಿಳಿಯುತ್ತೆ. ಅದರ ಹೆಸರು ಗ್ಲೂಟಿಯಸ್ ಮೀಡಿಯಸ್. ಪಕ್ಕದಲ್ಲಿ ಅದರ ಜೊತೆಗಾರರೂ ಇದ್ದಾರೆ. ಇವರ ಕಷ್ಟ ಏನಂದ್ರೆ, ಕೀಲಿನಿಂದ ಇವರು ಎಳೆಯುವ ಗೆರೆಗೆ ಇರುವ ದೂರ ಬರೀ 5 ಸೆಂ.ಮೀ. ಹತ್ತು ಸೆಂ.ಮೀ. ತೋಳಿನ ತುದಿಯಲ್ಲಿರುವ 50 ಕೆಜಿಯನ್ನು ಐದು ಸೆಂ.ಮೀ. ತೋಳಿನಿಂದ ಎಳೆದು ಹಿಡಿಯಬೇಕು. ತೋಳು ಸಮ ಇಲ್ಲದ ತಕ್ಕಡಿ ಇದು. 500 ಭಾಗಿಸು 5, ಅಂದ್ರೆ 100 ಕೆಜಿ ಎಳೆತ ಬೇಕು.

ಕೀಲು ಈ ತಕ್ಕಡಿಯ ಮುಳ್ಳು. ಎರಡೂ ತಟ್ಟೆಯ ಭಾರ ಅದರ ಮೇಲೇ ಬೀಳುತ್ತೆ. 50 ಮತ್ತು 100, ಒಟ್ಟು 150. ಸ್ನಾಯು ನೆಟ್ಟಗಿಲ್ಲ, ಓರೆಯಾಗಿದೆ ಅಂತ ನೀವು ಕೇಳಬಹುದು. ಸರಿ, 25 ಡಿಗ್ರಿ ಓರೆ ಇಟ್ಟು ವೆಕ್ಟರ್ ಆಗಿ ಕೂಡಿಸಿ. 147 ಬರುತ್ತೆ. ದೊಡ್ಡ ವ್ಯತ್ಯಾಸ ಇಲ್ಲ.

ಮೂಳೆಯೊಳಗೆ ಕ್ರೇನ್

ಈ ಲೆಕ್ಕ ನಮ್ಮದಲ್ಲ. ಫ್ರೆಡ್ರಿಕ್ ಪಾವೆಲ್ಸ್ ಅನ್ನೋ ಜರ್ಮನ್ ಮೂಳೆ ವೈದ್ಯರು 1935ರಲ್ಲಿ ತೊಡೆಮೂಳೆಯ ಕುತ್ತಿಗೆ ಮುರಿಯುವುದರ ಬಗ್ಗೆ ಪುಸ್ತಕ ಬರೆದಾಗ, ಅದನ್ನು ಒಂದು ಮೆಕ್ಯಾನಿಕ್ಸ್ ಸಮಸ್ಯೆ ಅಂತಲೇ ಕರೆದರು. ಒಂಟಿ ಕಾಲಿನ ಸೊಂಟವನ್ನು ತಕ್ಕಡಿಯಂತೆ ನೋಡುವ ಕ್ರಮ ಅವರಿಂದಲೇ ಹರಡಿದ್ದು.

ಅದಕ್ಕೂ ಮೊದಲು, 1866ರ ಸುಮಾರಿಗೆ ಜ್ಯೂರಿಕ್‌ನಲ್ಲಿ ಇಂಜಿನಿಯರುಗಳಿಗೆ ಖುಷಿ ಕೊಡುವ ಒಂದು ಪ್ರಸಂಗ ನಡೆಯಿತು. ಕಾರ್ಲ್ ಕುಲ್ಮನ್ ಅಲ್ಲಿನ ಪಾಲಿಟೆಕ್ನಿಕ್‌ನಲ್ಲಿ ಪ್ರೊಫೆಸರ್, ಗ್ರಾಫಿಕ್ ಸ್ಟಾಟಿಕ್ಸ್‌ಗೆ ಬುನಾದಿ ಹಾಕಿದವರು. ಅಂಗರಚನಾ ಶಾಸ್ತ್ರಜ್ಞ ಹರ್ಮನ್ ಫಾನ್ ಮೇಯರ್ ತೊಡೆಮೂಳೆಯ ಮೇಲ್ತುದಿಯನ್ನು ಸೀಳಿ ತೋರಿಸಿದಾಗ ಕುಲ್ಮನ್ ಕಣ್ಣಿಗೆ ಬಿದ್ದದ್ದು ಒಳಗಿನ ಸಣ್ಣ ಸಣ್ಣ ಎಲುಬಿನ ಎಳೆಗಳು. ಬಾಗಿದ ಕ್ರೇನ್‌ನಲ್ಲಿ ಒತ್ತಡ ಮತ್ತು ಎಳೆತದ ಗೆರೆಗಳನ್ನು ತಾವು ಹೇಗೆ ಬರೆಯುತ್ತಿದ್ದರೋ ಆ ಎಳೆಗಳೂ ಹಾಗೇ ಸಾಗಿದ್ದವು. ಯಾಕೆ ಅಂತ ಈಗ ನಮಗೆ ಗೊತ್ತು. ತೊಡೆಮೂಳೆಯ ತಲೆ ಕಂಬದ ನೇರಕ್ಕಿಲ್ಲ, ಕ್ರೇನಿನ ಮೂತಿ ಥರ ಪಕ್ಕಕ್ಕೆ ಚಾಚಿದೆ, ಭಾರ ಹೊರುವುದು ಆ ಚಾಚಿದ ತುದಿ.

ಕಾಗದದ ಲೆಕ್ಕ ನಿಜದ ದೇಹಕ್ಕೆ ಹೊಂದುತ್ತಾ? ಬರ್ಲಿನ್‌ನ ಗಿಯೋರ್ಗ್ ಬೆರ್ಗ್‌ಮನ್ ಮತ್ತು ಸಂಗಡಿಗರು ಕೃತಕ ಸೊಂಟದ ಕೀಲಿನ ಒಳಗೇ ಸೆನ್ಸಾರ್ ಇಟ್ಟು, ವೈರ್ ಇಲ್ಲದೆ ಸಿಗ್ನಲ್ ಹೊರಗೆ ತಂದು ಅಳೆದರು. 2001ರಲ್ಲಿ ಪ್ರಕಟವಾದ ಅವರ ಅಳತೆಯಲ್ಲಿ ಮಾಮೂಲಿ ನಡಿಗೆಯಲ್ಲಿ ಕೀಲಿನ ಮೇಲೆ ದೇಹದ ತೂಕದ ಸುಮಾರು 2.4 ಪಟ್ಟು ಬಲ, ಒಂದು ಕಾಲಲ್ಲಿ ನಿಂತಾಗ ಅದಕ್ಕಿಂತ ಸ್ವಲ್ಪ ಕಡಿಮೆ, ಮೆಟ್ಟಿಲು ಇಳಿಯುವಾಗ 2.6 ಪಟ್ಟು. ನಮ್ಮ ಎರಡೂವರೆ ಪಟ್ಟಿನ ಲೆಕ್ಕ ಅದರ ಪಕ್ಕದಲ್ಲೇ ಇದೆ.

ಸ್ನಾಯು ಸೋತರೆ

100 ಕೆಜಿ ಎಳೆಯುವ ಶಕ್ತಿ ಆ ಸ್ನಾಯುವಿಗೆ ಇಲ್ಲ ಅಂದುಕೊಳ್ಳಿ. ಆಗ ದೇಹ ಮೂರು ದಾರಿ ಹುಡುಕುತ್ತೆ.

ಒಂದನೆಯದು, ಎತ್ತಿದ ಕಾಲಿನ ಕಡೆಗೆ ಪೆಲ್ವಿಸ್ ಕುಸಿಯುತ್ತೆ. 1895ರಲ್ಲಿ ಜರ್ಮನ್ ಸರ್ಜನ್ ಫ್ರೆಡ್ರಿಕ್ ಟ್ರೆಂಡೆಲೆನ್‌ಬರ್ಗ್ ಇದನ್ನು ವಿವರಿಸಿದರು. ಇವತ್ತಿಗೂ ಆರ್ಥೋ ಡಾಕ್ಟರುಗಳು ರೋಗಿಯನ್ನು ಒಂದು ಕಾಲಲ್ಲಿ ನಿಲ್ಲಿಸಿ ಸೊಂಟ ಕುಸಿಯುತ್ತಾ ಅಂತ ನೋಡುವುದು ಅವರ ಹೆಸರಿನ ಪರೀಕ್ಷೆಯೇ.

ಎರಡನೆಯದು ಜಾಣತನದ ದಾರಿ. ಮುಂಡವನ್ನು ನಿಂತ ಕಾಲಿನ ಕಡೆಗೇ ವಾಲಿಸುವುದು. ಇದರಿಂದ ಗುರುತ್ವ ಕೇಂದ್ರ ಬರೀ 2 ಸೆಂ.ಮೀ. ಕೀಲಿನ ಹತ್ತಿರ ಬಂದರೂ ಮೊಮೆಂಟ್ 50 ಗುಣಿಸು 8, ಅಂದ್ರೆ 400. ಸ್ನಾಯುವಿಗೆ 80 ಕೆಜಿ ಸಾಕು. ಜಿಮ್‌ನಲ್ಲಿ ಸ್ಟೆಪ್-ಅಪ್ ಮಾಡುವವರ ಭುಜ ಪಕ್ಕಕ್ಕೆ ವಾಲುತ್ತಿದ್ದರೆ ಅವರ ದೇಹ ಈ ಲೆಕ್ಕವನ್ನು ಆಗಲೇ ಮಾಡಿ ಮುಗಿಸಿದೆ ಅಂತ ಅರ್ಥ.

ಮೂರನೆಯದು, ತೊಡೆ ಒಳಕ್ಕೆ ತಿರುಗಿ ಮಂಡಿ ಒಳಕ್ಕೆ ಬೀಳುವುದು. ನಮಗೆ ಭಯ ಇರೋದು ಇದರ ಬಗ್ಗೆ. ಕಾಲನ್ನು ಒಂದು ಕಂಬ ಅಂತ ನೋಡಿ. ಭಾರದ ಗೆರೆ ಕಂಬದ ನಡುವೆ ಹಾದು ಹೋದರೆ ಒತ್ತಡ ಮಾತ್ರ. ಕಂಬದ ನಡುಭಾಗ ಗೆರೆಯಿಂದ ಪಕ್ಕಕ್ಕೆ ಸರಿದರೆ ಎಕ್ಸೆಂಟ್ರಿಕ್ ಲೋಡ್ ಆಯ್ತು, ಬಾಗಿಸುವ ಮೊಮೆಂಟ್ ಬಂತು. ನೆಲದ ಬಲ ಮಂಡಿಯ ನಡುವಿನಿಂದ 5 ಸೆಂ.ಮೀ. ಹೊರಗೆ ಹಾದು ಹೋದರೆ, 60 ಕೆಜಿಗೆ 300 ಕೆಜಿ-ಸೆಂ.ಮೀ. ಜಿಗಿದು ಇಳಿಯುವಾಗ ಬಲ ಹಲವು ಪಟ್ಟು ಆಗುತ್ತೆ, ಮೊಮೆಂಟೂ ಅಷ್ಟೇ ಪಟ್ಟು. ಮಂಡಿ ಮುಂದಕ್ಕೆ ಹಿಂದಕ್ಕೆ ಮಡಚೋಕೆ ಇರುವ ಕೀಲು, ಬಾಗಿಲಿನ ಕೀಲಿನ ಹಾಗೆ. ಪಕ್ಕಕ್ಕೆ ಬಾಗಿಸಿದರೆ ತಡೆಯುವುದು ಹೆಚ್ಚಾಗಿ ಲಿಗಮೆಂಟ್‌ಗಳು.

ಗಮನಿಸಿ, ಎರಡು ಕಾಲಿನ ಸ್ಕ್ವಾಟ್‌ನಲ್ಲಿ ಎಷ್ಟೇ ಪ್ಲೇಟ್ ಹಾಕಿದರೂ ಈ ಪಕ್ಕದ ತಕ್ಕಡಿ ಹುಟ್ಟುವುದಿಲ್ಲ. ಸ್ಕ್ವಾಟ್ ಕಾಲನ್ನು ಮೇಲೆ-ಕೆಳಗೆ ಬಲ ಮಾಡುತ್ತೆ. ಪಕ್ಕಕ್ಕೆ ಬೀಳದಂತೆ ಹಿಡಿಯುವ ಕೆಲಸ ಅಲ್ಲಿ ಬಹಳ ಕಡಿಮೆ.

ಡಂಬೆಲ್ ಯಾವ ಕೈಯಲ್ಲಿ?

ಬಲಗಾಲಲ್ಲಿ ನಿಂತಿದ್ದೀರಿ. ಕೈಯಲ್ಲಿ 10 ಕೆಜಿಯ ಒಂದು ಡಂಬೆಲ್. ಬಲಗೈಯಲ್ಲಿ ಹಿಡಿಯಬೇಕಾ, ಎಡಗೈಯಲ್ಲಾ? ಎರಡೂ ಒಂದೇ ಅನ್ಸುತ್ತೆ. ಮೊಮೆಂಟ್ ತಗೊಂಡು ನೋಡೋಣ. ಮುಂಡ ವಾಲಿಲ್ಲ ಅಂತ ಇಟ್ಟುಕೊಳ್ಳಿ.

ಎಡಗೈಯಲ್ಲಿ ಹಿಡಿದರೆ ಬಲ ಕೀಲಿನಿಂದ ಡಂಬೆಲ್ ಸುಮಾರು 35 ಸೆಂ.ಮೀ. ದೂರ. ಹೆಚ್ಚುವರಿ ಮೊಮೆಂಟ್ 350. ಒಟ್ಟು 850. ಸ್ನಾಯು ಎಳೆಯಬೇಕಾದದ್ದು 170 ಕೆಜಿ. 

ಬಲಗೈಯಲ್ಲಿ ಹಿಡಿದರೆ ಡಂಬೆಲ್ ಕೀಲಿನ ಹೊರಗಡೆ, ಸುಮಾರು 15 ಸೆಂ.ಮೀ. ಈಗ ಅದು ಸ್ನಾಯುವಿನ ಪಕ್ಷ. 500ರಿಂದ 150 ಕಳೆಯಿರಿ, 350. ಸ್ನಾಯುವಿಗೆ 70 ಕೆಜಿ ಸಾಕು.

ಎರಡು ಕೈಯಲ್ಲೂ 5 ಕೆಜಿ ಹಿಡಿದರೆ 175 ಕೂಡಿಸಿ 75 ಕಳೆಯಬೇಕು. ಒಟ್ಟು 600, ಸ್ನಾಯುವಿಗೆ 120.

ಮೂರು ಸಲವೂ ಹೊತ್ತಿರೋದು ಅದೇ 10 ಕೆಜಿ. ಆದರೆ ಸೊಂಟದ ಪಕ್ಕದ ಕೆಲಸ 70, 120, 170. ಬಲಗೈಯಲ್ಲಿ ಹಿಡಿದಾಗಂತೂ ಏನೂ ಹಿಡಿಯದೆ ನಿಂತಿದ್ದಕ್ಕಿಂತ ಕಡಿಮೆ! ಸೊಂಟದ ಪಕ್ಕದ ಸ್ನಾಯು ಬಲ ಆಗಬೇಕಾದರೆ ಭಾರವನ್ನು ಎದುರು ಕೈಗೆ ಕೊಡಿ. ಹೊಸಬರಾಗಿದ್ದರೆ, ಇಲ್ಲಾಂದ್ರೆ ಸೊಂಟ ಕುಸಿಯುತ್ತಿದ್ದರೆ, ಅದೇ ಕಡೆಯ ಕೈಯಿಂದ ಶುರು ಮಾಡಿ. ಪ್ಲೇಟ್ ಬದಲಾಯಿಸದೆ ವ್ಯಾಯಾಮ ಕಷ್ಟ ಮಾಡಬಹುದು, ಸುಲಭವೂ ಮಾಡಬಹುದು.

ಸ್ಪ್ಲಿಟ್ ಸ್ಕ್ವಾಟ್ ಅಂದ್ರೆ ಒಂದು ಬೀಮ್

ಸ್ಪ್ಲಿಟ್ ಸ್ಕ್ವಾಟ್ ಪೂರ್ತಿ ಒಂಟಿ ಕಾಲಿನದ್ದಲ್ಲ. ಒಂದು ಕಾಲು ಮುಂದೆ, ಒಂದು ಹಿಂದೆ. ಹಿಂದಿನ ಪಾದವನ್ನು ಬೆಂಚ್ ಮೇಲೆ ಇಟ್ಟರೆ ಅದೇ ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್. ಹಾಗಾದರೆ ಮುಂದಿನ ಕಾಲಿಗೆ ಎಷ್ಟು ಪಾಲು?

ಪಕ್ಕದಿಂದ ನೋಡಿ. ಎರಡು ಆಧಾರ, ನಡುವೆ ಎಲ್ಲೋ ಒಂದು ಭಾರ. ಎರಡು ಪಾದದ ನಡುವೆ 80 ಸೆಂ.ಮೀ., ಗುರುತ್ವ ಕೇಂದ್ರ ಮುಂದಿನ ಪಾದದಿಂದ 16 ಸೆಂ.ಮೀ. ಹಿಂದೆ ಇದೆ ಅಂದುಕೊಳ್ಳಿ. ಹಿಂದಿನ ಕಾಲಿಗೆ 60 ಗುಣಿಸು 16 ಭಾಗಿಸು 80, ಅಂದ್ರೆ 12 ಕೆಜಿ. ಮುಂದಿನ ಕಾಲಿಗೆ 48. ನಡುವಿಗೆ ಬಂದು ಕೂತರೆ ಎರಡಕ್ಕೂ 30, ಮತ್ತೆ ಮಾಮೂಲಿ ಸ್ಕ್ವಾಟ್‌ನ ಪಾಲೇ ಬಂತು.

ಇದನ್ನು ಹಾಸ್ಟೆಲ್‌ನಲ್ಲೇ ಪರೀಕ್ಷೆ ಮಾಡಬಹುದು. ತೂಕ ನೋಡುವ ಮಷೀನನ್ನು ಮುಂದಿನ ಪಾದದ ಕೆಳಗಿಡಿ, ಅಷ್ಟೇ ಎತ್ತರದ ಪುಸ್ತಕಗಳ ಮೇಲೆ ಹಿಂದಿನ ಪಾದ. ನಿಧಾನವಾಗಿ ಕೆಳಗಿಳಿದು ಅಲ್ಲೇ ನಿಲ್ಲಿ, ಗೆಳೆಯರೊಬ್ಬರು ಮಷೀನ್ ಓದಲಿ. ಮುಂಡ ಮುಂದೆ ಬಾಗಿಸಿದಾಗ, ಹಿಂದಕ್ಕೆ ಸರಿದಾಗ ಸಂಖ್ಯೆ ಹೇಗೆ ಓಡುತ್ತೆ ನೋಡಿ. ಹಿಂದಿನ ಕಾಲು ಬ್ಯಾಲೆನ್ಸ್‌ಗೆ ಮಾತ್ರ ಅಂತ ನಂಬಿ ಅದರಿಂದಲೇ ತಳ್ಳುವವರಿಗೆ ಈ ಮಷೀನ್ ಸತ್ಯ ಹೇಳುತ್ತೆ.

ಮಂಡಿಗೆಷ್ಟು, ಸೊಂಟಕ್ಕೆಷ್ಟು

ಮುಂದಿನ ಕಾಲಿಗೆ ಸಿಕ್ಕ ಆ 48 ಕೆಜಿಯನ್ನು ಯಾವ ಕೀಲು ಹೊರುತ್ತೆ? ತೊಡೆ ನೆಲಕ್ಕೆ ಸಮವಾಗಿ ಮಲಗಿದೆ ಅಂದುಕೊಳ್ಳಿ, ಉದ್ದ ಸುಮಾರು 40 ಸೆಂ.ಮೀ. ಪಾದದಿಂದ ನೇರ ಮೇಲಕ್ಕೆ ಬಲದ ಗೆರೆ ಎಳೆಯಿರಿ. ಮಂಡಿ ಗೆರೆಯ ಮುಂದಿದೆ, ಸೊಂಟ ಗೆರೆಯ ಹಿಂದಿದೆ. ಈ ಗೆರೆ 40 ಸೆಂ.ಮೀ.ಯನ್ನು ಎರಡು ಪಾಲು ಮಾಡುತ್ತೆ. ಮಂಡಿಗೆ 10 ಹೋದರೆ ಸೊಂಟಕ್ಕೆ 30. ಮಂಡಿಗೆ 5 ಹೋದರೆ ಸೊಂಟಕ್ಕೆ 35. ಒಟ್ಟು ಕಡಿಮೆ ಆಗಲ್ಲ. ಆಸ್ತಿ ಪಾಲಿನ ಹಾಗೆ, ಒಬ್ಬರಿಗೆ ಕಡಿಮೆಯಾದರೆ ಇನ್ನೊಬ್ಬರಿಗೆ ಹೆಚ್ಚು.

ಹೆಜ್ಜೆ ಉದ್ದ ಇಟ್ಟು, ಮುಂಗಾಲನ್ನು ನೆಟ್ಟಗಿಟ್ಟು, ಮುಂಡ ಸ್ವಲ್ಪ ಮುಂದೆ ಬಾಗಿಸಿದರೆ ಕೆಲಸ ಸೊಂಟದ ಹಿಂಭಾಗದ ಸ್ನಾಯುಗಳಿಗೆ. ಹೆಜ್ಜೆ ಚಿಕ್ಕದು ಮಾಡಿ ಮಂಡಿಯನ್ನು ಮುಂದೆ ಬಿಟ್ಟರೆ ಕೆಲಸ ತೊಡೆಯ ಮುಂಭಾಗದ ಕ್ವಾಡ್ಸ್‌ಗೆ. ‘ಮಂಡಿ ಕಾಲ್ಬೆರಳು ದಾಟಲೇಬಾರದು’ ಅಂತ ಜಿಮ್‌ನಲ್ಲಿ ಕೇಳಿರ್ತೀರಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾರ್ಬೆಲ್ ಸ್ಕ್ವಾಟ್ ಮಾಡುವವರ ಮಂಡಿಯ ಮುಂದೆ ಹಲಗೆ ಇಟ್ಟು ಅದನ್ನು ತಡೆದರು. ಮಂಡಿಯ ಟಾರ್ಕ್ ಸುಮಾರು ಐದನೇ ಒಂದು ಪಾಲು ಇಳಿಯಿತು. ಸೊಂಟದ ಟಾರ್ಕ್ ಹತ್ತು ಪಟ್ಟಿಗಿಂತ ಹೆಚ್ಚಾಯಿತು. ಹಾಗಾಗಿ ಇದು ತಪ್ಪು-ಸರಿಯ ಪ್ರಶ್ನೆಗಿಂತ ಯಾವ ಕೀಲಿಗೆ ಕೆಲಸ ಕೊಡಬೇಕು ಅನ್ನೋ ಪ್ರಶ್ನೆ. ಮಂಡಿ ನೋವಿದ್ದವರಿಗೆ ಮುಂಗಾಲು ನೆಟ್ಟಗಿರಲಿ. ಬ್ಯಾಡ್ಮಿಂಟನ್ ಆಡುವವರ ಮಂಡಿ ಆಟದಲ್ಲಿ ಹೇಗೂ ಮುಂದೆ ಹೋಗುತ್ತೆ, ಅವರು ಅಭ್ಯಾಸದಲ್ಲೂ ನಿಧಾನವಾಗಿ ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು.

ಹಾಗಾದ್ರೆ ಬಾರ್ಬೆಲ್ ಬೇಡ್ವಾ?

ಹಾಗೇನಿಲ್ಲ. ಮೊದಲು ಒಂದು ಸಣ್ಣ ಲೆಕ್ಕ. ಕೈಯಲ್ಲಿ ಏನೂ ಇಲ್ಲದೆ ಒಂದೇ ಕಾಲಲ್ಲಿ ಕೂತು ಏಳುವ ಪಿಸ್ತೂಲ್ ಸ್ಕ್ವಾಟ್‌ನಲ್ಲಿ ಪಾದದ ಮೇಲೆ 60 ಕೆಜಿ. ಎರಡು ಕಾಲಿನ ಸ್ಕ್ವಾಟ್‌ನಲ್ಲಿ ಒಂದೊಂದು ಪಾದಕ್ಕೆ 60 ಬರಬೇಕಾದರೆ ಒಟ್ಟು 120 ಬೇಕು, ಅಂದ್ರೆ ಬೆನ್ನ ಮೇಲೆ 60 ಕೆಜಿ ಬಾರ್ಬೆಲ್. ನಿಮ್ಮ ತೂಕ ಎಷ್ಟೇ ಇರಲಿ, ಉತ್ತರ ನಿಮ್ಮ ತೂಕದಷ್ಟೇ. ಕಾಲಿಗೆ ಸಿಗುವ ಭಾರ ಎರಡರಲ್ಲೂ ಒಂದೇ, ಆದರೆ ಪಿಸ್ತೂಲಿನಲ್ಲಿ ಬೆನ್ನುಮೂಳೆಯ ಮೇಲೆ ಆ 60 ಕೆಜಿ ಇಲ್ಲ. ರ‍್ಯಾಕ್ ಇಲ್ಲದ ಹಾಸ್ಟೆಲ್ ಜಿಮ್‌ಗೆ, ಬೆನ್ನು ನೋವಿರುವ ಆಟಗಾರರಿಗೆ ಇದು ದೊಡ್ಡ ಲಾಭ.

ಇನ್ನೊಂದು ಕಡೆಯೂ ಇದೆ. ಒಂಟಿ ಕಾಲಿನಲ್ಲಿ ಹೆಚ್ಚಿನ ಸಲ ಮೊದಲು ಸೋಲುವುದು ಬ್ಯಾಲೆನ್ಸ್, ತೊಡೆಯ ದೊಡ್ಡ ಸ್ನಾಯುಗಳಿಗೆ ಪೂರ್ತಿ ಕೆಲಸ ಸಿಗುವ ಮೊದಲೇ ಸೆಟ್ ಮುಗಿದಿರುತ್ತೆ. ಭಾರ ಏರಿಸುತ್ತಾ ಹೋಗುವುದಕ್ಕೆ ಎರಡು ಕಾಲಿನ ಸ್ಕ್ವಾಟೇ ಸುಲಭ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 18 ಯುವ ರಗ್ಬಿ ಆಟಗಾರರನ್ನು ಎರಡು ಗುಂಪು ಮಾಡಿ, ಐದು ವಾರ ಒಂದು ಗುಂಪಿಗೆ ಬ್ಯಾಕ್ ಸ್ಕ್ವಾಟ್, ಇನ್ನೊಂದಕ್ಕೆ ಹಿಂದಿನ ಪಾದ ಎತ್ತರಿಸಿದ ಸ್ಪ್ಲಿಟ್ ಸ್ಕ್ವಾಟ್ ಮಾಡಿಸಿದರು. ಬಲದಲ್ಲೂ ಓಟದಲ್ಲೂ ಎರಡು ಗುಂಪಿನ ಪ್ರಗತಿ ಹೆಚ್ಚುಕಡಿಮೆ ಒಂದೇ ಬಂತು. ಅಂದ್ರೆ ಒಂಟಿ ಕಾಲು ಮಂತ್ರ ಅಲ್ಲ. ಅದೇ ಸಮಯಕ್ಕೆ, ಕಡಿಮೆ ಭಾರದಲ್ಲಿ ಅಷ್ಟೇ ಫಲ ಕೊಡಬಲ್ಲದು, ಜೊತೆಗೆ ಪಕ್ಕದ ತಕ್ಕಡಿಯ ಅಭ್ಯಾಸವನ್ನೂ ಕೊಡುತ್ತೆ. ಎರಡನ್ನೂ ಇಟ್ಟುಕೊಳ್ಳುವುದೇ ಜಾಣತನ.

ಮಂಡಿ ಉಳಿಯುತ್ತಾ?

ಕಾಲೇಜು ಆಟಗಾರರ ಬಾಯಲ್ಲಿ ಹೆಚ್ಚು ಕೇಳುವ ಮೂರು ಅಕ್ಷರ ಏಸಿಎಲ್. ಮಂಡಿಯೊಳಗಿನ ಒಂದು ಲಿಗಮೆಂಟ್. ಅದು ಹರಿದರೆ ಸರ್ಜರಿ, ಆಮೇಲೆ ತಿಂಗಳುಗಟ್ಟಲೆ ಫಿಸಿಯೋ. ನಮ್ಮಂಥವರಿಗೆ ಅದು ಎರಡು ಸೆಮಿಸ್ಟರ್ ಲೆಕ್ಕ. ಎಷ್ಟೋ ಸಲ ಯಾರೂ ತಳ್ಳಿರಲ್ಲ, ಯಾರೂ ಗುದ್ದಿರಲ್ಲ. ಒಂದು ಕಾಲಲ್ಲಿ ಇಳಿದಾಗ, ಇಲ್ಲಾಂದ್ರೆ ಓಡುತ್ತಾ ತಟ್ಟನೆ ದಿಕ್ಕು ಬದಲಿಸಿದಾಗ ಆಗುವಂಥದ್ದು.

2005ರಲ್ಲಿ ಟಿಮೋತಿ ಹೆವೆಟ್ ಮತ್ತು ಸಂಗಡಿಗರು 205 ಆಟಗಾರ್ತಿಯರು ಜಿಗಿದು ಇಳಿಯುವುದನ್ನು ಅಳೆದು, ಆಮೇಲೆ ಅವರನ್ನು ಆಟದಲ್ಲಿ ಗಮನಿಸಿದರು. ಒಂಬತ್ತು ಜನರ ಏಸಿಎಲ್ ಹರಿಯಿತು. ಆ ಒಂಬತ್ತು ಜನರ ಮಂಡಿ ಇಳಿಯುವಾಗ ಉಳಿದವರಿಗಿಂತ 8 ಡಿಗ್ರಿ ಹೆಚ್ಚು ಒಳಕ್ಕೆ ಬಿದ್ದಿತ್ತು. ಆದರೆ ನಾರ್ವೆಯಲ್ಲಿ ಅದಕ್ಕಿಂತ ದೊಡ್ಡ ಗುಂಪಿನ ಮೇಲೆ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನ, ಎರಡು ಕಾಲಲ್ಲಿ ಜಿಗಿದು ಇಳಿಯುವುದನ್ನು ನೋಡಿ ಯಾರಿಗೆ ಪೆಟ್ಟಾಗುತ್ತೆ ಅಂತ ಮೊದಲೇ ಹೇಳೋಕೆ ಆಗಲ್ಲ ಅಂದಿತು. ಹಾಗಾಗಿ ಯಾರದಾದರೂ ಮಂಡಿ ಒಳಕ್ಕೆ ಬೀಳುವುದು ಕಂಡ ತಕ್ಷಣ ‘ನಿಂದು ಹರಿಯುತ್ತೆ’ ಅಂತ ಹೆದರಿಸಬೇಡಿ.

ಹೇಳಬಹುದಾದದ್ದು ಬೇರೆ ಇದೆ. ಅಭ್ಯಾಸದಿಂದ ಪೆಟ್ಟು ಕಡಿಮೆ ಆಗುತ್ತೆ. ನಾರ್ವೆಯಲ್ಲೇ 120 ಹ್ಯಾಂಡ್‌ಬಾಲ್ ಕ್ಲಬ್ಬುಗಳ 15ರಿಂದ 17 ವರ್ಷದ 1837 ಆಟಗಾರರ ಮೇಲೆ ಮಾಡಿದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಅರ್ಧ ಕ್ಲಬ್ಬುಗಳಿಗೆ ಓಡುವ, ದಿಕ್ಕು ಬದಲಿಸುವ, ಜಿಗಿದು ಇಳಿಯುವ ಕ್ರಮ, ಬ್ಯಾಲೆನ್ಸ್ ಮತ್ತು ಬಲದ ವ್ಯಾಯಾಮ ಸೇರಿದ 15-20 ನಿಮಿಷದ ವಾರ್ಮ್-ಅಪ್ ಕೊಟ್ಟರು. ಮಂಡಿ ಮತ್ತು ಪಾದದ ಗಂಟಿನ ಪೆಟ್ಟುಗಳು ಆ ಗುಂಪಿನಲ್ಲಿ ಸುಮಾರು ಅರ್ಧಕ್ಕೆ ಇಳಿದವು. ಇಪ್ಪತ್ತು ನಿಮಿಷ ಅಂದ್ರೆ ನಾವು ಗ್ರೌಂಡಿನಲ್ಲಿ ಟೀಮ್ ಸೇರಲಿ ಅಂತ ಕಾಯುತ್ತಾ ಫೋನ್ ನೋಡುವಷ್ಟು ಹೊತ್ತು.

ಯಾವ ಕ್ರಮದಲ್ಲಿ ಮಾಡೋದು

ಮೇಲಿನ ಲೆಕ್ಕದಿಂದಲೇ ಕ್ರಮ ಬರುತ್ತೆ. ಮೊದಲು ಆಧಾರ ಕಡಿಮೆ ಮಾಡಿ, ಆಮೇಲೆ ಭಾರ ಕೂಡಿಸಿ, ಕೊನೆಗೆ ವೇಗ.

ಮೊದಲು ಕನ್ನಡಿ ಮುಂದೆ ಒಂದೊಂದು ಕಾಲಲ್ಲಿ 30 ಸೆಕೆಂಡ್ ನಿಲ್ಲಿ. ಪ್ಯಾಂಟಿನ ಸೊಂಟಪಟ್ಟಿ ನೆಲಕ್ಕೆ ಸಮವಾಗಿರಬೇಕು, ಭುಜ ವಾಲಬಾರದು. ಇದು ಬಂದ ಮೇಲೆ ಎರಡೂ ಪಾದ ನೆಲದಲ್ಲಿಟ್ಟು ಸ್ಪ್ಲಿಟ್ ಸ್ಕ್ವಾಟ್. ಮೂರನೆಯದು ಸ್ಟೆಪ್-ಡೌನ್: ಒಂದು ಮೆಟ್ಟಿಲ ಮೇಲೆ ನಿಂತು ಇನ್ನೊಂದು ಹಿಮ್ಮಡಿಯನ್ನು ಮೂರು ಎಣಿಸುವಷ್ಟು ನಿಧಾನವಾಗಿ ಕೆಳಗೆ ಮುಟ್ಟಿಸಿ ಮೇಲೆ ಬರುವುದು. ಮಂಡಿ ಎರಡನೇ ಬೆರಳಿನ ನೇರಕ್ಕೇ ಇರಲಿ. ನಾಲ್ಕನೆಯದು ಡಂಬೆಲ್ ಹಿಡಿದು ಬಲ್ಗೇರಿಯನ್, ಮೊದಲು ಎರಡು ಕೈಯಲ್ಲಿ, ಆಮೇಲೆ ಎದುರು ಕೈಯಲ್ಲಿ ಮಾತ್ರ. ಕೊನೆಗೆ ಚಿಕ್ಕದಾಗಿ ಜಿಗಿದು ಒಂದೇ ಕಾಲಲ್ಲಿ ಇಳಿದು, ಅಲ್ಲಾಡದೆ ಎರಡು ಸೆಕೆಂಡ್ ನಿಲ್ಲುವುದು. ಕುಂಟೆಬಿಲ್ಲೆ ಆಡಿದವರಿಗೆ ಇದು ಹೊಸದಲ್ಲ.

ವಾರಕ್ಕೆ ಎರಡು ದಿನ, ಒಂದೊಂದು ಕಾಲಿಗೆ ಎರಡು-ಮೂರು ಸೆಟ್, ಸೆಟ್‌ಗೆ ಆರರಿಂದ ಹತ್ತು ಸಲ ಸಾಕು. ಯಾವ ಕಾಲು ಸೋಲುತ್ತೋ ಆ ಕಾಲಿನಿಂದ ಶುರು ಮಾಡಿ, ಅದು ಮಾಡಿದಷ್ಟೇ ಇನ್ನೊಂದು ಕಾಲಿಗೂ. ಸೊಂಟ ಕುಸಿದರೆ, ಮಂಡಿ ಒಳಕ್ಕೆ ಬಿದ್ದರೆ ಆ ಸೆಟ್ ಅಲ್ಲಿಗೆ ಮುಗಿಯಿತು. ಮಂಡಿ ಊದಿದ್ದರೆ, ಸಿಕ್ಕಿಹಾಕಿಕೊಂಡ ಹಾಗಾದರೆ, ಈಗಾಗಲೇ ಪೆಟ್ಟಾಗಿದ್ದರೆ ಈ ಲೇಖನ ಮುಚ್ಚಿಟ್ಟು ಡಾಕ್ಟರ್ ಇಲ್ಲವೇ ಫಿಸಿಯೋ ಹತ್ತಿರ ಹೋಗಿ.

ಕೊನೆಗೊಂದು ಲೆಕ್ಕ

ಜಿಮ್‌ಗೆ ಕಾಲಿಡದವರಿಗೂ ಇದೇ ತಕ್ಕಡಿಯಿಂದ ಒಂದು ಉಪಯೋಗ ಇದೆ. ಅಜ್ಜಿಗೆ ಬಲ ಸೊಂಟದ ಕೀಲು ನೋವು ಅಂತ ಇಟ್ಟುಕೊಳ್ಳಿ. ಕೋಲು ಯಾವ ಕೈಯಲ್ಲಿ ಹಿಡಿಯಬೇಕು? ನೋಯುವ ಕಡೆಯೇ ಅಂತ ಎಲ್ಲರಿಗೂ ಅನ್ಸುತ್ತೆ. ಅಜ್ಜಿಯ ತೂಕವೂ 60 ಕೆಜಿ. ಎಡಗೈಯಲ್ಲಿ ಕೋಲು ಹಿಡಿದು, ಬಲಗಾಲು ಊರುವಾಗ ಜೊತೆಗೇ ಕೋಲನ್ನೂ ಊರಿ 5 ಕೆಜಿಯಷ್ಟು ಒತ್ತಿದರೆ, ನೆಲ ಅಷ್ಟೇ ಬಲವನ್ನು ಮೇಲಕ್ಕೆ ಕೊಡುತ್ತೆ, ಬಲ ಕೀಲಿನಿಂದ ಸುಮಾರು 40 ಸೆಂ.ಮೀ. ದೂರದಲ್ಲಿ. ಮೊಮೆಂಟ್ 200 ಕಡಿಮೆ. 500 ಇದ್ದದ್ದು 300. ಸ್ನಾಯು ಎಳೆಯಬೇಕಾದದ್ದು 60. ಕೀಲಿನ ಮೇಲೆ 45 ಮತ್ತು 60, ಅಂದ್ರೆ 105. ಕೋಲಿಗೆ ಕೊಟ್ಟದ್ದು 5 ಕೆಜಿ, ಕೀಲಿಗೆ ಉಳಿದದ್ದು 45 ಕೆಜಿ.

ಅದೇ ಕೋಲು ಬಲಗೈಯಲ್ಲಿದ್ದರೆ ಏನಾಗುತ್ತೆ ಅನ್ನೋದನ್ನು ನೀವೇ ಮಾಡಿ ನೋಡಿ. ಡಂಬೆಲ್ ಲೆಕ್ಕದಲ್ಲಿ ಬಲ ಕೆಳಕ್ಕಿತ್ತು, ಇಲ್ಲಿ ಮೇಲಕ್ಕಿದೆ, ಚಿಹ್ನೆ ಬದಲಾಯಿಸೋದು ಮರೆಯಬೇಡಿ. ಉತ್ತರ ಬಂದ ಮೇಲೆ, ಈ ಸಲ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಕೋಲು ಯಾವ ಕೈಯಲ್ಲಿದೆ ಅಂತ ಒಮ್ಮೆ ಗಮನಿಸಿ.